ಗಂಡು ಮಗುವಿನ ಹೆಸರು ಹುಡುಕೋಕೆ ಆ್ಯಪ್ ಸಾಕಾ? ನಾವು ಬಳಸಿ ನೋಡಿದ ಮೂರು

ಅಣ್ಣನಿಗೆ ಗಂಡು ಮಗು ಹುಟ್ಟಿದೆ. ನಮ್ಮ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅಂದ್ರೆ ನನ್ನದು. ಹೀಗಾಗಿ ಹೆಸರು ಹುಡುಕುವ ಕೆಲಸವೂ ನನ್ನ ಪಾಲಿಗೇ ಬಂತು. ಅಣ್ಣ ಗದಗಿನಲ್ಲಿ, ವೈನಿ ಬಾಣಂತನಕ್ಕೆ ಹಾವೇರಿಯ ತವರುಮನೆಯಲ್ಲಿ, ನಾನು ಮತ್ತು ಅವ್ವ ಹುಬ್ಬಳ್ಳಿಯಲ್ಲಿ. ಮೂರೂ ಊರಿನವರು ಒಂದೇ ಹೆಸರಿಗೆ ಒಪ್ಪಬೇಕು. ವೈನಿಯದು ಒಂದೇ ಮಾತು: "ಹೆಸರಿಗೆ ಅರ್ಥ ಇರಬೇಕು. ಅವ ದೊಡ್ಡಾವಾದ ಮ್ಯಾಲೆ ಕೇಳಿದ್ರ ಹೇಳಾಕ ಬರಬೇಕು."

ಈ ಕೆಲಸಕ್ಕೆ ನಾವು ಬಳಸಿದ್ದು ಒಂದು ಮೊಬೈಲ್ ಆ್ಯಪ್, ಕೊಪ್ಪಿಕರ ರಸ್ತೆಯಲ್ಲಿ ಕೊಂಡ ಹೆಸರುಗಳ ಕೈಪುಸ್ತಕ, ಮತ್ತೆ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವ ಅಲರ್ ನಿಘಂಟು. ಈಗ ಹೆಸರು ಹುಡುಕುತ್ತಾ ಇರೋರಿಗೆ ಉಪಯೋಗ ಆಗಲಿ ಅಂತ ಮೂರರ ಬಗ್ಗೆಯೂ ಬರೆಯುತ್ತಿದ್ದೇನೆ. ಆ್ಯಪ್‌ನ ಹೆಸರು ಹೇಳುವುದಿಲ್ಲ. ಇಂಥ ಆ್ಯಪ್‌ಗಳು ಬಹಳ ಇವೆ. ಮೂರ್ನಾಲ್ಕು ತೆರೆದು ನೋಡಿದೆ, ಒಂದರಲ್ಲಿ ಇದ್ದ ಅರ್ಥವೇ ಪದ ಬಿಡದೆ ಇನ್ನೊಂದರಲ್ಲೂ ಇತ್ತು.

ಮಗು ಹುಟ್ಟಿದ್ದು ಸ್ವಾತಿ ನಕ್ಷತ್ರ, ಮೂರನೇ ಚರಣ. ಸ್ವಾತಿಗೆ ಬರುವ ಅಕ್ಷರ ರು, ರೇ, ರೋ, ತ. ಮೂರನೇ ಚರಣ ಅಂದ್ರೆ "ರೋ". ಆ್ಯಪ್‌ನಲ್ಲಿ "ರೋ" ಅಂತ ಹಾಕಿದ ಕೂಡಲೇ ಉದ್ದನೆಯ ಪಟ್ಟಿ ಬಂತು. ರೋಹನ್, ರೋಹಿತ್, ರೋಷನ್, ರೋನಕ್, ರೋನಿತ್, ರೋಮಿತ್. ಪ್ರತಿ ಹೆಸರಿನ ಮುಂದೆ ಒಂದು ಸಾಲಿನ ಅರ್ಥ, ಪಕ್ಕದಲ್ಲಿ ಒಂದು ಹೃದಯದ ಗುರುತು. ಆ ಗುರುತು ಒತ್ತಿದರೆ ಹೆಸರು ಮನೆಯವರೆಲ್ಲರ ಪಟ್ಟಿಗೆ ಸೇರುತ್ತದೆ. ಇದು ನಿಜಕ್ಕೂ ಒಳ್ಳೆ ಸೌಲಭ್ಯ. ಹಾವೇರಿಯಲ್ಲಿ ವೈನಿ ಒಂದು ಹೆಸರಿಗೆ ಗುರುತು ಹಾಕಿದರೆ ಇಲ್ಲಿ ನನಗೆ ಕಾಣುತ್ತಿತ್ತು. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುವುದು ತಪ್ಪಿತು. ಅಣ್ಣ ಯಾವುದಕ್ಕೂ ಗುರುತು ಹಾಕಲಿಲ್ಲ, ಆ ಮಾತು ಬೇರೆ.

ತೊಂದರೆ ಇರುವುದು ಅರ್ಥದಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಭಾಷೆಯ ಪಂಡಿತೆ ಅಲ್ಲ. ಆದರೂ ಆ್ಯಪ್ ಕೊಟ್ಟ ಅರ್ಥ ಓದುತ್ತಾ ಹೋದಂತೆ ಅನುಮಾನ ಶುರುವಾಯಿತು. ಅರ್ಧಕ್ಕರ್ಧ ಹೆಸರುಗಳಿಗೆ "ದೇವರ ಕೊಡುಗೆ", "ಶಿವನ ಇನ್ನೊಂದು ಹೆಸರು", "ವಿಷ್ಣುವಿನ ಅಂಶ" ಅಂತ ಬರೆದಿದೆ. ಸರಿ, ಪರೀಕ್ಷೆ ಮಾಡೋಣ ಅಂತ ಈಗ ಎಲ್ಲ ಕಡೆ ಕೇಳಿಬರುವ ಕೆಲವು ಹೆಸರು ತೆಗೆದುಕೊಂಡೆ.

ಆರವ್. ನಮ್ಮ ಓಣಿಯಲ್ಲೇ ಇಬ್ಬರು ಇದ್ದಾರೆ. ಆ್ಯಪ್ ಪ್ರಕಾರ ಅರ್ಥ "ಶಾಂತ". ನಿಘಂಟು ತೆಗೆದರೆ ಆರವ ಅಂದ್ರೆ ಸದ್ದು, ಕೂಗು. ರವ ಅಂದ್ರೆ ಧ್ವನಿ ಅನ್ನುವುದು ನಮಗೆಲ್ಲ ಗೊತ್ತು. ಹಕ್ಕಿಗಳ ಕಲರವ ಅಂತೀವಲ್ವಾ, ಅದೇ ರವ. ಅಂದ್ರೆ ಆ್ಯಪ್ ಹೇಳುವುದು ಪದದ ಅರ್ಥಕ್ಕೆ ಪೂರ್ತಿ ಉಲ್ಟಾ. ಹೆಸರು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಧ್ವನಿ ಅನ್ನುವುದು ಚೆಂದದ ಅರ್ಥವೇ. ನಮ್ಮ ಧಾರವಾಡದ ಮಣ್ಣಿನಲ್ಲಿ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರು ಹಾಡಿದ ಊರುಗಳಲ್ಲಿ, ಧ್ವನಿ ಅಂತ ಹೆಸರಿಡುವುದಕ್ಕಿಂತ ಹೆಚ್ಚಿನದು ಏನಿದೆ? ಆದರೆ ಶಾಂತ ಅಂತ ತಿಳಿದು ಇಟ್ಟವರಿಗೆ ನಿಜ ಗೊತ್ತಾಗಬೇಕಲ್ಲ.

ರೇಯಾಂಶ್. ಆ್ಯಪ್‌ನಲ್ಲಿ "ಸೂರ್ಯನ ಕಿರಣ, ವಿಷ್ಣುವಿನ ಅಂಶ" ಎರಡೂ ಇದೆ. ಅಂಶ ಅಂದ್ರೆ ಭಾಗ. ಕಿರಣಕ್ಕೆ ಇರುವ ಪದ ಅಂಶು. ಕೊನೆಯ ಉಕಾರ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಅರ್ಥವೇ ಬದಲಾಗುತ್ತದೆ. ಇನ್ನು "ರೇಯ" ಅನ್ನುವುದು ಸೂರ್ಯ ಅಥವಾ ವಿಷ್ಣು ಅಂತ ನಾನು ನೋಡಿದ ಯಾವ ನಿಘಂಟಿನಲ್ಲೂ ಇಲ್ಲ. ಹೆಸರು ಇಂಪಾಗಿದೆ ಅಂತ ಇಡುವವರು ಇಡಲಿ. ಇಂಪು ಕೂಡ ಒಂದು ಕಾರಣವೇ. ಅರ್ಥಕ್ಕಾಗಿಯೇ ಇಡುವವರಿಗೆ ಮಾತ್ರ ಇದರಿಂದ ಮೋಸ.

ಅನಿಕೇತ್ ಹೆಸರಿಗೆ "ಲೋಕದ ಒಡೆಯ" ಅಂತ ಇತ್ತು. ನಿಕೇತ, ನಿಕೇತನ ಅಂದ್ರೆ ಮನೆ. ಅನಿಕೇತ ಅಂದ್ರೆ ಮನೆ ಇಲ್ಲದವನು. ಭಗವದ್ಗೀತೆಯ 12ನೇ ಅಧ್ಯಾಯದಲ್ಲಿ ಭಕ್ತನ ಗುಣ ಹೇಳುವಾಗ ಈ ಪದ ಬರುತ್ತದೆ. ಯಾವ ಮನೆಗೂ ಅಂಟಿಕೊಳ್ಳದೆ ಮನಸ್ಸು ಗಟ್ಟಿ ಇಟ್ಟುಕೊಂಡವನು ಅನ್ನುವ ಅರ್ಥದಲ್ಲಿ. ಎಷ್ಟು ದೊಡ್ಡ ಅರ್ಥ! ಅದನ್ನು ಬಿಟ್ಟು ಸುಮ್ನೆ ಲೋಕದ ಒಡೆಯ ಅಂತ ಬರೆದಿದ್ದಾರೆ. ಇದ್ದ ಒಳ್ಳೆ ಅರ್ಥವನ್ನೇ ಮುಚ್ಚಿಟ್ಟಂತೆ ಆಯಿತು. ನನಗೆ ಅತಿ ಜಾಸ್ತಿ ಬೇಜಾರಾದದ್ದು ಇದೇ.

ಆಮೇಲೆ ನಮ್ಮ ಮನೆ ಮತ್ತು ನೆಂಟರ ಹೆಸರುಗಳನ್ನು ಹಾಕಿ ನೋಡಿದೆ. ಬಸಪ್ಪ, ಫಕೀರಪ್ಪ, ಮೈಲಾರಪ್ಪ, ತಿಪ್ಪಣ್ಣ. ಒಂದೂ ಸಿಗಲಿಲ್ಲ. ಕನ್ನಡದ ಆ್ಯಪ್ ಅಂತ ಹೇಳಿಕೊಂಡು ಬಸಪ್ಪನೇ ಇಲ್ಲ ಅಂದ್ರೆ ಹೇಗೆ? ಬಸವ ಅನ್ನುವುದು ವೃಷಭ ಪದ ಕನ್ನಡದ ಬಾಯಲ್ಲಿ ಆದ ರೂಪ. ಫಕೀರಪ್ಪ ಅನ್ನುವುದು ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಇಡುವ ಹೆಸರು. ಅರಬ್ಬಿಯ ಫಕೀರ, ನಮ್ಮ ಅಪ್ಪ, ಎರಡೂ ಸೇರಿ ಒಂದೇ ಹೆಸರಾಗಿದೆ. ಹಿಂದೂ ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಮಠ ಅದು. ತಿಪ್ಪಣ್ಣ ಹೆಸರಿನ ಹಿಂದೆ ಇನ್ನೊಂದು ಕಥೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರು ಇಡುತ್ತಿದ್ದರು. ಕೆಟ್ಟ ಕಣ್ಣು ಬೀಳಬಾರದು, ಸಾವು ಈ ಕೂಸನ್ನು ಕಣ್ಣೆತ್ತಿಯೂ ನೋಡಬಾರದು ಅಂತ. ಗುಂಡಪ್ಪ, ಕಲ್ಲಪ್ಪ ಅನ್ನುವಲ್ಲಿಯೂ ಕೂಸು ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಅನ್ನುವ ಆಸೆ ಬಹಳ ಮನೆಗಳಲ್ಲಿ ಇತ್ತು. ಅರ್ಥ ನೋಡಿ ಹೆಸರಿಡುವುದು ಅಂದ್ರೆ ಇದೂ ಹೌದು. ಈ ಹೆಸರುಗಳನ್ನು ಇವತ್ತು ಯಾರೂ ಇಡದಿದ್ದರೂ ಪಟ್ಟಿಯಲ್ಲಿ ಇರಬೇಕಿತ್ತು, ಅರ್ಥದ ಜೊತೆಗೆ.

ಆ್ಯಪ್‌ನಲ್ಲಿ ದುಡ್ಡು ಕೊಟ್ಟರೆ ತೆರೆಯುವ ಒಂದು ಭಾಗವೂ ಇದೆ. ಅಣ್ಣ 199 ರೂಪಾಯಿ ಕಟ್ಟಿದ. ಸಂಖ್ಯಾಶಾಸ್ತ್ರದ ವರದಿ ಬಂತು. ರೋಹನ್ ಹೆಸರಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಎಚ್ ಸೇರಿಸಿ ಅಂತ ಸಲಹೆ. ಯಾಕೆ ಅನ್ನುವುದಕ್ಕೆ ಒಂದು ಅಂಕಿ ಬಿಟ್ಟರೆ ಮತ್ತೇನಿಲ್ಲ. ಈ ಭಾಗಕ್ಕೆ ದುಡ್ಡು ಹಾಕಬೇಡಿ.

ಇನ್ನು ಕೈಪುಸ್ತಕ. 60 ರೂಪಾಯಿ, ತೆಳು ಕಾಗದ, ಹಿಂದಿನ ರಟ್ಟಿನಲ್ಲಿ ಪಂಚಾಂಗದ ಜಾಹೀರಾತು. ಇದರಲ್ಲಿ ಕೆಲಸಕ್ಕೆ ಬರುವುದು ನಕ್ಷತ್ರದ ಕೋಷ್ಟಕ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಚರಣ, ಒಟ್ಟು 108 ಅಕ್ಷರ. ಎಲ್ಲ ಒಂದೇ ಪುಟದಲ್ಲಿ ಇದೆ. ಅವ್ವ ಕನ್ನಡಕ ಹಾಕಿಕೊಂಡು ಆರಾಮಾಗಿ ಓದಿದಳು. ಕೋಷ್ಟಕ ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಆರ್ದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಙ ಅಕ್ಷರದಿಂದ, ಣ ಅಕ್ಷರದಿಂದ ಹೆಸರು ಎಲ್ಲಿಂದ ತರುವುದು? ಅದಕ್ಕೇ ಹಿರಿಯರು ಜಾತಕಕ್ಕೆ ಒಂದು ಜನ್ಮನಾಮ, ಕರೆಯೋಕೆ ಇನ್ನೊಂದು ಹೆಸರು ಅಂತ ಮಾಡಿಕೊಂಡಿದ್ದಾರೆ. ಅಕ್ಷರಕ್ಕೆ ಹೆಸರು ಸಿಗದೆ ಒದ್ದಾಡುತ್ತಾ ಇರೋರು ಈ ದಾರಿ ಹಿಡಿಯಬಹುದು. ನಾವೂ ಕೊನೆಗೆ ಇದನ್ನೇ ಮಾಡಿದ್ದು.

ಪುಸ್ತಕದ ಅರ್ಥಗಳು ಆ್ಯಪ್‌ಗಿಂತ ವಾಸಿ, ಆದರೆ ಒಂದೊಂದೇ ಪದ. ರೋಹಿತ: ಕೆಂಪು. ಅಷ್ಟೇ. ಆ ಒಂದು ಪದ ಹಿಡಿದುಕೊಂಡು ನಮ್ಮ ಮನೆಯಲ್ಲಿ ದೊಡ್ಡ ಮಾತುಕತೆ ಆಯಿತು. ನನಗೆ ರೋಹಿತ ಬಹಳ ಇಷ್ಟ. ಬೆಳಕು ಪಟ್ಟಕದ ಮೂಲಕ ಹಾದು ಬಣ್ಣ ಬಣ್ಣವಾಗಿ ಒಡೆಯುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ರೋಹಿತ ಅಂತಲೇ ನಾನು ಪಾಠದಲ್ಲಿ ಹೇಳುವುದು. ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆದರೆ ರೋಹಿತ, ಲೋಹಿತ ಎರಡೂ ಒಂದೇ, ಹರಿಶ್ಚಂದ್ರನ ಮಗ ಲೋಹಿತಾಶ್ವನ ಹೆಸರಲ್ಲಿ ಇರುವುದೂ ಇದೇ ಅಂತ ಹೇಳಿದ್ದೇ ತಡ, ಅವ್ವ ತಲೆ ಅಲ್ಲಾಡಿಸಿಬಿಟ್ಟಳು. "ಹಾವು ಕಡದು ಸುಡುಗಾಡಿಗೆ ಹೋದ ಹುಡುಗನ ಹೆಸರ ನನ್ನ ಮೊಮ್ಮಗಗ ಬ್ಯಾಡವಾ." ಅವನು ಆಮೇಲೆ ಬದುಕಿ ಬರುತ್ತಾನೆ ಅಂದೆ. ಅವ್ವ ಕೇಳಲಿಲ್ಲ. ಕೇಳದಿದ್ದದ್ದು ಸರಿಯೇ ಅಂತ ನನಗೂ ಅನಿಸಿತು. ದುರ್ಯೋಧನ ಅಂದ್ರೆ ಯುದ್ಧದಲ್ಲಿ ಎದುರಿಸೋಕೆ ಕಷ್ಟವಾದವನು. ಧೃತರಾಷ್ಟ್ರ ಅಂದ್ರೆ ರಾಜ್ಯವನ್ನು ಹೊತ್ತವನು. ಅರ್ಥ ಎರಡೂ ಭಾರಿ. ಯಾರಾದರೂ ಮಗನಿಗೆ ಇಡುತ್ತಾರಾ? ಅದೇ ಭೀಮ ಅಂದ್ರೆ ಭಯ ಹುಟ್ಟಿಸುವವನು, ಆದರೂ ರೋಣದಲ್ಲಿ ಹುಟ್ಟಿದ ಒಬ್ಬ ಹುಡುಗನಿಗೆ ಭೀಮಸೇನ ಅಂತ ಇಟ್ಟರು. ಇವತ್ತು ಆ ಹೆಸರು ಕೇಳಿದರೆ ಭೀಮಸೇನ ಜೋಶಿಯವರ ಹಾಡು ನೆನಪಾಗುತ್ತದೆಯೇ ಹೊರತು ಭಯ ಅಲ್ಲ. ಹೆಸರನ್ನು ಹಿಂದೆ ಯಾರು ಹೊತ್ತು ನಡೆದರು ಅನ್ನುವುದೂ ಅರ್ಥದ ಒಂದು ಪಾಲು. ಇದನ್ನು ಆ್ಯಪ್ ಹೇಳುವುದಿಲ್ಲ, ಕೈಪುಸ್ತಕವೂ ಹೇಳುವುದಿಲ್ಲ. ಮನೆಯಲ್ಲಿ ಹಿರಿಯರನ್ನು ಕೂರಿಸಿಕೊಂಡೇ ಕೇಳಬೇಕು.

ರೋಷನ್ ಹೆಸರು ಅಣ್ಣನ ಗೆಳೆಯರು ಹೇಳಿದ್ದು. ಪಾರ್ಸಿಯಲ್ಲಿ ಬೆಳಕು ಅಂತ ಅರ್ಥ, ಆ್ಯಪ್ ಇಲ್ಲಿ ಸರಿಯಾಗಿಯೇ ಹೇಳಿತ್ತು. ಆದರೆ ಕನ್ನಡದಲ್ಲಿ ಬರೆದು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ರೋಷ. ವೈನಿ ಬೇಡ ಅಂದರು.

ಈಗ ಅಲರ್. ಈ ಬರಹ ಬರೆಯೋಕೆ ಮುಖ್ಯ ಕಾರಣವೇ ಇದು. ವಿ. ಕೃಷ್ಣ ಅನ್ನುವವರು ಒಬ್ಬರೇ ಕೂತು ನಲವತ್ತಕ್ಕೂ ಹೆಚ್ಚು ವರ್ಷ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು. 2019ರಲ್ಲಿ ಇಂಟರ್‌ನೆಟ್‌ಗೆ ಬಂತು. ಒಂದೂವರೆ ಲಕ್ಷದಷ್ಟು ಕನ್ನಡ ಪದಗಳಿವೆ. ದುಡ್ಡಿಲ್ಲ, ಜಾಹೀರಾತಿಲ್ಲ, ನಿಮ್ಮ ಫೋನ್ ನಂಬರ್ ಕೇಳುವುದಿಲ್ಲ. ಅಲರ್ ಅಂದ್ರೆ ಹೂವು, ಅರಳುವುದು. ಅದೇ ಒಂದು ಚೆಂದದ ಹೆಸರು.

ಇದು ಹೆಸರುಗಳ ಪಟ್ಟಿ ಕೊಡುವುದಿಲ್ಲ. ಒಂದು ಪದ ಹಾಕಿದರೆ ಅದರ ಅರ್ಥಗಳನ್ನು ಒಂದರ ಕೆಳಗೆ ಒಂದು ಕೊಡುತ್ತದೆ. ಮೊದಲು ಬೋಳು ಅನಿಸುತ್ತದೆ. ಆದರೆ ಹೆಸರು ಹುಡುಕುವವರಿಗೆ ಬೇಕಾದದ್ದು ಇದೇ. ಒಂದು ಪದಕ್ಕೆ ನಾಲ್ಕು ಅರ್ಥ ಇದ್ದರೆ ನಾಲ್ಕೂ ಕಾಣಬೇಕು. ಕನಕ ಪದವನ್ನೇ ನೋಡಿ. ಚಿನ್ನ ಅಂತಲೂ ಇದೆ, ಮದಗುಣಿಕೆ ಅಥವಾ ದತ್ತೂರಿ ಗಿಡ ಅಂತಲೂ ಇದೆ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರಿಗೆ ಮೊದಲ ಹೆಸರು ತಿಮ್ಮಪ್ಪ, ಚಿನ್ನದ ನಿಧಿ ಸಿಕ್ಕಿ ಕನಕ ಆದರು ಅಂತ ಹಾವೇರಿ ಕಡೆ ಎಲ್ಲರೂ ಹೇಳುವ ಮಾತು. ಹೀಗೆ ಒಂದು ಪದ ಹಿಡಿದು ಹೋದರೆ ಇನ್ನೊಂದಕ್ಕೆ ದಾರಿ ತೆರೆಯುತ್ತದೆ.

ನಮಗೆ ಹೆಸರು ಸಿಕ್ಕಿದ್ದೂ ಹಾಗೆಯೇ. ರೋಹಣ ಅಂತ ಹಾಕಿದೆ. ಏರುವುದು ಅಂತ ಬಂತು. ಏರುವುದು ಅಂದ್ರೆ ಆರೋಹಣ ಅಲ್ವಾ ಅಂತ ಅದನ್ನೂ ನೋಡಿದೆ. ಆರೋಹ, ಅವರೋಹ. ಸಂಗೀತ ಕಲಿಯುವ ಮಕ್ಕಳ ಬಾಯಲ್ಲಿ ದಿನಾ ಕೇಳುವ ಮಾತು. ಅಲ್ಲಿಂದ ಆರೂಢ. ಏರಿದವನು, ಮೇಲೆ ಕೂತವನು. ಎಲ್ಲದಕ್ಕೂ ಮೂಲ ಒಂದೇ, ರುಹ್ ಅನ್ನುವ ಧಾತು, ಏರು ಅಂತ ಅರ್ಥ. ಪೇಪರಿನಲ್ಲಿ ಆಡಳಿತಾರೂಢ ಪಕ್ಷ ಅಂತ ದಿನಾ ಓದುತ್ತೇವೆ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಕುದುರೆ ಮೇಲೆ ಕೂತ ಕಿತ್ತೂರು ಚೆನ್ನಮ್ಮ ಅಶ್ವಾರೂಢೆ. ಗೀತೆಯ 6ನೇ ಅಧ್ಯಾಯದಲ್ಲಿ ಯೋಗಾರೂಢ. ನಮ್ಮೂರಿನ ಅಜ್ಜ ಸಿದ್ಧಾರೂಢರು. ಹಾಗಾದರೆ ಈ ಕಾಲದ ರೋಹನ್, ಅವ್ವನ ಕಾಲದ ಸಿದ್ಧಾರೂಢ ಎರಡೂ ಒಂದೇ ಬಳ್ಳಿಯ ಕಾಯಿ!

ಇದನ್ನು ಅವ್ವನಿಗೆ ಹೇಳಿದೆ. ಅವ್ವ ಮದುವೆಯಾಗಿ ಹುಬ್ಬಳ್ಳಿಗೆ ಬಂದಾಗಿನಿಂದ ಮಠಕ್ಕೆ ಹೋಗುವುದು ಬಿಟ್ಟಿಲ್ಲ. 1929ರಲ್ಲಿ ದೇಹ ಬಿಟ್ಟ ಸಿದ್ಧಾರೂಢರ ಬಗ್ಗೆ, ನಿನ್ನೆ ಮಾತಾಡಿಸಿ ಬಂದವರಂತೆ ಹೇಳುತ್ತಾಳೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಾತಕದಾಗ ರೋಹಣ ಇರ್ಲಿ, ಕರಿಯಾಕ ಆರೂಢ ಅನ್ನೂಣು" ಅಂದಳು. ವೈನಿಗೆ ಫೋನ್ ಮಾಡಿದೆವು. ಅವರು ಎರಡು ಸಲ ಕರೆದು ನೋಡಿದರು. ಆರೂಢ. ಆರೂಢಾ. ಅಣ್ಣ ಮೊದಲನೇ ಸಲ ಒಂದು ಹೆಸರಿಗೆ ಹೂಂ ಅಂದ.

ಅಲರ್‌ನಲ್ಲಿ ಒಂದು ಕೊರತೆ ಇದೆ. ಅರ್ಥ ಇರುವುದು ಇಂಗ್ಲಿಷಿನಲ್ಲಿ. ಅವ್ವನಂಥವರು ತಾವೇ ಓದೋಕೆ ಆಗುವುದಿಲ್ಲ, ಪಕ್ಕದಲ್ಲಿ ಯಾರಾದರೂ ಕೂತು ಹೇಳಬೇಕು. ಕನ್ನಡದಲ್ಲೇ ಅರ್ಥ ಬೇಕು ಅಂದ್ರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ಇದೆ. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ. ನಮ್ಮ ಶಾಲೆಯ ಕಪಾಟಿನಲ್ಲಿ ಕಿಟೆಲ್ ನಿಘಂಟಿನ ಮರುಮುದ್ರಣ ಇದೆ, ಅನುಮಾನ ಬಂದ ಪದಗಳನ್ನು ಅದರಲ್ಲೂ ನೋಡಿದೆ. ಜರ್ಮನಿಯಿಂದ 1853ರಲ್ಲಿ ಬಂದ ಪಾದ್ರಿ ಫರ್ಡಿನಾಂಡ್ ಕಿಟೆಲ್ ಧಾರವಾಡದಲ್ಲೂ ಇದ್ದವರು. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಸಂಸ್ಕೃತದಿಂದ ಬಂದ ಪದ ಯಾವುದು, ಅದು ಕನ್ನಡದಲ್ಲಿ ತದ್ಭವ ಆದದ್ದು ಹೇಗೆ ಅಂತ ಅಲ್ಲಿ ಗುರುತು ಇರುತ್ತದೆ. ಅದರ ಹಳೆಯ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಮೊಬೈಲ್ ಪರದೆಯಲ್ಲಿ ಓದುವುದು ಕಷ್ಟ.

ಹೆಸರು ಹುಡುಕುವಾಗ ಗಡಿಬಿಡಿ ಬೇಡ. ನಮಗೂ ನೆಂಟರು ಬಹಳ ಅವಸರ ಮಾಡಿದರು, ಜನನ ಪ್ರಮಾಣಪತ್ರಕ್ಕೆ ತಡವಾಗುತ್ತದೆ ಅಂತ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಹುಟ್ಟಿದ್ದನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ. ಆದರೆ ಹೆಸರಿನ ಜಾಗ ಖಾಲಿ ಬಿಟ್ಟೂ ನೋಂದಣಿ ಆಗುತ್ತದೆ. 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೂ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಹೆಸರು ಸೇರಿಸುವಾಗ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರ ನೋಡಿಕೊಳ್ಳಿ. ಒಮ್ಮೆ ಪತ್ರದಲ್ಲಿ ಬಂದ ಮೇಲೆ ಶಾಲೆ, ಆಧಾರ್ ಎಲ್ಲ ಕಡೆ ಅದೇ ನಡೆಯುತ್ತದೆ. ನಮ್ಮದು ಮಹಾಪ್ರಾಣದ ಢ, ಡ ಅಲ್ಲ. ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಅಂತ ಚರ್ಚೆ ಬಂದಾಗ ಅಣ್ಣ ಹುಬ್ಬಳ್ಳಿ ರೈಲು ನಿಲ್ದಾಣದ ಬೋರ್ಡಿನ ಫೋಟೊ ಕಳಿಸಿದ. ನಿಲ್ದಾಣಕ್ಕೆ ಈಗ ಸಿದ್ಧಾರೂಢ ಸ್ವಾಮೀಜಿಯವರ ಹೆಸರೇ ಇದೆಯಲ್ಲ. ಅಲ್ಲಿ ಎರಡು ಓ ಹಾಕಿ, ಡಿ ಮುಂದೆ ಎಚ್ ಹಾಕಿ ಬರೆದಿದ್ದಾರೆ. ನಾವೂ ಹಾಗೇ ಬರೆಸಿದೆವು.